ಹೊಲದ ಕೆಳಗಿನ ಹಳದಿ ಪೈಪು

ಸಂಜೆ ಐದು ಗಂಟೆ ನಲವತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಫ್ಯಾಕ್ಟರಿ ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ನೇರ ಹೊಲಕ್ಕೆ ಬಂದು, ಬೇಲಿ ಕಂಬದ ಕೆಲಸ ಎಲ್ಲಿಗೆ ಬಂತೆಂದು ಒಂದು ಫೋಟೋ ತೆಗೆದಿದ್ದೆ. ಆ ಫೋಟೋ ಇನ್ನೂ ಫೋನಿನಲ್ಲಿದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ, ಗುಂಡಿ ಕೊರೆಯುವ ದೊಡ್ಡ ಬೈರಿಗೆ ನೆಲದೊಳಕ್ಕೆ ಅರ್ಧ ಇಳಿದಿದೆ. ಪಕ್ಕದಲ್ಲಿ ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ರಾಗಿ ತೆನೆ ಬಲಿತು ಬಾಗಿದೆ. ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ.

ಫೋನನ್ನು ಬ್ಯಾಗಿಗೆ ಹಾಕುವಷ್ಟರಲ್ಲಿ ಸದ್ದು ಬಂತು. ಲಾರಿ ಟೈರು ಒಡೆದರೆ ಮೊದಲು ಢಮ್ ಎಂದು, ಆಮೇಲೆ ಸುಯ್ ಎನ್ನುತ್ತದಲ್ಲ, ಇದರಲ್ಲಿ ಢಮ್ ಇರಲಿಲ್ಲ. ಬರೀ ಸುಯ್, ಅದೂ ನಿಲ್ಲದೆ, ಕಿವಿ ನೋಯುವಷ್ಟು ಜೋರಾಗಿ. ಗುಂಡಿಯ ಮಣ್ಣು ಮೇಲಕ್ಕೆ ಹಾರಿ ಅಪ್ಪನ ಮುಖಕ್ಕೆ ಬಡಿಯಿತು. ಟ್ರ್ಯಾಕ್ಟರಿನವನು ಶೂಳಗಿರಿ ಕಡೆಯವನು, ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುವವನು. ಇಂಜಿನ್ ಆರಿಸಿ ಕೆಳಗೆ ಹಾರಿ, "ಗ್ಯಾಸಣ್ಣಾ, ಗ್ಯಾಸು! ಓಡುಂಗೋ!" ಎಂದು ಕೂಗುತ್ತಾ ಓಡಿದ. ಅಷ್ಟು ಗಾಬರಿಯಲ್ಲೂ ಇಂಜಿನ್ ಆರಿಸಿದನಲ್ಲ ಎಂದು ಅವನನ್ನು ಇವತ್ತಿಗೂ ನೆನೆಯುತ್ತೇನೆ. ಆಮೇಲೆ ವಾಸನೆ ಬಂತು. ಬೆಂಕಿ ಹಚ್ಚದೆ ಗ್ಯಾಸ್ ಒಲೆಯ ನಾಬ್ ತಿರುಗಿಸಿದರೆ ಅಡುಗೆಮನೆಯಲ್ಲಿ ಬರುವ ಅದೇ ವಾಸನೆ. ಅದು ಹೊಲದ ತುಂಬಾ ಇತ್ತು.

ಹೊಲದ ಮೂಡಲ ಅಂಚಿನಲ್ಲಿ ಗ್ಯಾಸಿನ ಪೈಪು ಹೋಗಿದೆ ಎನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಅದನ್ನು ಹೂಳಿದರು. ಹಳದಿ ಪ್ಲಾಸ್ಟಿಕ್ ಪೈಪಿನ ಸುರುಳಿಗಳು ರಸ್ತೆ ಬದಿಯಲ್ಲಿ ಬಿದ್ದಿರುತ್ತಿದ್ದವು, ಆಳೆತ್ತರದವು. ಹೊಸೂರಿನ ಫ್ಯಾಕ್ಟರಿಗಳು ಬಾಯ್ಲರಿಗೆ ಡೀಸೆಲ್ಲು, ಫರ್ನೇಸ್ ಎಣ್ಣೆ ಸುಡುವುದನ್ನು ಬಿಟ್ಟು ಗ್ಯಾಸಿಗೆ ಬರುತ್ತಿವೆ, ಹೊಗೆ ಕಡಿಮೆಯಾಗುತ್ತದೆ ಎಂದಿದ್ದರು. ರಸಾಯನಶಾಸ್ತ್ರ ಓದುತ್ತಿದ್ದ ನನಗೆ ಅದು ಒಳ್ಳೆಯದೇ ಅನಿಸಿತ್ತು. ಈಗಲೂ ಕೆಟ್ಟದ್ದೆನ್ನಲಾರೆ.

ಪೈಪಿನ ಮೇಲೆ ಅಲ್ಲಲ್ಲಿ ಸಿಮೆಂಟಿನ ಗುರುತುಕಲ್ಲು ನೆಟ್ಟಿದ್ದರು. ನಮ್ಮ ಹೊಲದ ಕಲ್ಲು ಉಳುವಾಗ ನೇಗಿಲಿಗೆ ಅಡ್ಡ ಬರುತ್ತಿತ್ತು. ಅಪ್ಪ, ಚಿಕ್ಕಪ್ಪ ಸೇರಿ ಅದನ್ನು ಕಿತ್ತು ಬದುವಿನ ಮೇಲೆ ಮಲಗಿಸಿದರು. ಬದುವಿನಿಂದ ಅಮ್ಮ ಅದನ್ನು ನೀರಿನ ತೊಟ್ಟಿಯ ಪಕ್ಕಕ್ಕೆ ತರಿಸಿಕೊಂಡಳು. ಬಟ್ಟೆ ಒಗೆಯಲು ಅಂಥ ಹದವಾದ ಕಲ್ಲು ಬೇರೆ ಇರಲಿಲ್ಲ. ಕೊರೆದ ಅಕ್ಷರಕ್ಕೆ ಸೀರೆಯ ಎಳೆ ಸಿಕ್ಕಿಕೊಳ್ಳುತ್ತದೆಂದು ಆ ಮುಖ ಕೆಳಗೆ ಮಾಡಿ ಹಾಕಿಸಿದಳು. ಅಪಾಯ ಎಂಬ ಮಾತು, ತುರ್ತಿಗೆ ಕರೆಯಬೇಕಾದ ನಂಬರು, ಎರಡೂ ಮಣ್ಣಿನೊಳಗೆ ಹೋದವು. ನಮ್ಮ ಮನೆಯೊಂದೇ ಅಲ್ಲ. ಪಕ್ಕದ ಹೊಲದವರದು ಕೊಟ್ಟಿಗೆಯ ಮೆಟ್ಟಿಲಾಗಿದೆ. ಪೈಪು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅಪ್ಪ, "ಆ ಕಲ್ಲಿತ್ತಲ್ಲ, ಆ ತಾವು" ಎನ್ನುತ್ತಿದ್ದ. ಕಲ್ಲು ಎಲ್ಲಿತ್ತು ಎಂದು ಯಾರೂ ಕೇಳಿರಲಿಲ್ಲ.

ಸಾನಮಾವು ಕಾಡಿನಿಂದ ಇಳಿಯುವ ಆನೆಗೆ ಸೋಲಾರ್ ಬೇಲಿ ಹಾಕಿಸೋಣ ಎಂದು ಆ ವರ್ಷ ಹಟ ಹಿಡಿದಿದ್ದವಳು ಅಮ್ಮ. ಪ್ರತಿ ವರ್ಷ ರಾಗಿ ತೆನೆ ಕಟ್ಟುವ ಹೊತ್ತಿಗೆ ಜವಳಗಿರಿ ಕಡೆಯಿಂದ ಹಿಂಡು ಈ ಕಾಡಿಗೆ ಬರುತ್ತದೆ. ಚಿಕ್ಕಪ್ಪ ಕತ್ತಲಾಗುವ ಮೊದಲೇ ಹುಣಸೆ ಮರದ ಅಟ್ಟಣೆ ಹತ್ತಿ ಬೆಳಗಿನವರೆಗೆ ಕಾಯುತ್ತಾನೆ. "ಬೇಲಿ ಬಿದ್ರೆ ನೀನೂ ನಾಕು ದಿನ ಮನ್ಷನಂಗೆ ಮಲ್ಗಬೌದು ಕಣ್ಲಾ" ಎನ್ನುತ್ತಿದ್ದಳು. ಅಮ್ಮ ಮದುವೆಯಾಗಿ ಬಂದಾಗ ಅವನು ಚಡ್ಡಿ ಹಾಕುತ್ತಿದ್ದವನು. ಅವಳ ಬಾಯಲ್ಲಿ ಅವನಿಗೆ ಇನ್ನೂ 'ಲಾ'ನೇ.

ಆ ಸಂಜೆಯೂ ಅವನು ಆಗಲೇ ಅಟ್ಟಣೆ ಹತ್ತಿಬಿಟ್ಟಿದ್ದ. ಹುಣಸೆ ಮರ ಇರುವುದು ಹೊಲದ ಪಡುವಲ ತುದಿಯಲ್ಲಿ, ಕಾಡಿನ ಕಡೆ. ಗುಂಡಿ ಮೂಡಲಲ್ಲಿ. ಗಾಳಿ ಮೂಡಲಿಂದ ಬೀಸುತ್ತಿತ್ತು.

ಮೊದಲು ನಾನು ಮಾಡಿದ್ದು, ಅಪ್ಪನ ರಟ್ಟೆ ಹಿಡಿದು ಗಾಳಿಗೆ ಎದುರಾಗಿ ಮನೆಯ ಕಡೆ ಎಳೆದುಕೊಂಡು ಹೋದದ್ದು. ತೊಟ್ಟಿಯ ಹತ್ತಿರ ನಿಂತು ಫ್ಯಾಕ್ಟರಿಯ ಸೂಪರ್‌ವೈಸರಿಗೆ ಫೋನ್ ಮಾಡಿದೆ. ನಾನು ಕೆಲಸ ಮಾಡುವುದು ಬ್ಯಾಟರಿ ಸ್ಕೂಟರ್ ತಯಾರಿಸುವ ಕಡೆ. ನಮ್ಮ ಪೇಂಟ್ ವಿಭಾಗದ ಓವನ್ ಉರಿಯುವುದು ಇದೇ ಪೈಪಿನ ಗ್ಯಾಸಿನಿಂದ. ಅಲ್ಲಿಯ ಗೋಡೆಯ ಮೇಲೆ ತುರ್ತು ನಂಬರು ಇದೆ ಎಂದು ನೆನಪಿತ್ತು. ಅವರು ನಾನು ಹೇಳಿದ್ದನ್ನು ಎರಡನೇ ಸಲ ಕೇಳಲಿಲ್ಲ. "ನಾನು ಮಾಡ್ತೀನಿ, ನೀನು ದೂರ ಹೋಗು" ಎಂದು ಇಟ್ಟುಬಿಟ್ಟರು.

ಆಮೇಲೆ ಹುಣಸೆ ಮರ ನೆನಪಾಯಿತು. ಇಲ್ಲ, ನೆನಪಾಯಿತು ಎನ್ನುವುದು ಸರಿಯಲ್ಲ. ತಲೆಯೆತ್ತಿದಾಗ ಕಂಡಿತು. ಎಲೆಗಳ ನಡುವೆ ಒಂದು ಕೆಂಪು ಚುಕ್ಕಿ. ಚಿಕ್ಕಪ್ಪನ ಹಗ್ಗ. ಪಟಾಕಿ ಹಚ್ಚಲು ತೆಂಗಿನ ನಾರಿನ ಹಗ್ಗವೊಂದಕ್ಕೆ ಸಂಜೆಯೇ ಕೆಂಡ ತಾಗಿಸಿ, ಬೆಳಗಾಗುವವರೆಗೆ ಆರದಂತೆ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಆನೆ ಎದುರಿಗೆ ಬಂದಾಗ ಗಾಳಿಯಲ್ಲಿ ಬೆಂಕಿಕಡ್ಡಿ ಗೀರುತ್ತಾ ಕೂರಲು ಆಗುವುದಿಲ್ಲ.

"ಚಿಕ್ಕಪ್ಪಾ! ಬೆಂಕಿ ಆರ್ಸು! ಚಿಕ್ಕಪ್ಪಾ!" ಎಂದು ಎರಡೂ ಕೈ ಬೀಸುತ್ತಾ ಕಿರುಚಿದೆ.

ಅಟ್ಟಣೆಯ ಕಡೆ ಫೋನ್ ಸಿಗುವುದಿಲ್ಲ. ಅಷ್ಟು ದೂರಕ್ಕೆ, ಆ ಸುಯ್ ಸದ್ದಿನ ಮೇಲೆ, ಮಾತು ಹೋಗಲಿಲ್ಲ. ಕಿರುಚಿದ್ದು ಮಾತ್ರ ಹೋಯಿತು. ನಮ್ಮ ಊರಿನಲ್ಲಿ ಸಂಜೆಯ ಹೊತ್ತು ಹೊಲದಲ್ಲಿ ಯಾರಾದರೂ ಕೈ ಬೀಸುತ್ತಾ ಕಿರುಚಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಹುಟ್ಟಿದಾಗಿನಿಂದ ನನಗೂ ಗೊತ್ತಿದ್ದ ಅರ್ಥ. ಚಿಕ್ಕಪ್ಪ ಅಟ್ಟಣೆಯ ಮೇಲೆ ಎದ್ದು ನಿಂತ.

"ಎಷ್ಟವ್ವೆ?" ಎಂದು ಕೂಗಿದ. "ಯಾ ಕಡೇಲಿಂದ?"

ನಾನು ಇನ್ನೂ ಜೋರಾಗಿ ಕಿರುಚಿದೆ. ಅವನು ಸೊಂಟದ ಚೀಲದಿಂದ ಪಟಾಕಿ ತೆಗೆಯುವುದು ಕಾಣಿಸಿತು. ತಟ್ಟೆ ಬಡಿದರೂ ಆನೆ, ಟಾರ್ಚು ಆಡಿಸಿದರೂ ಆನೆ, ಓಡಿದರೂ ಆನೆ. ಬೇರೇನನ್ನಾದರೂ ಹೇಳಲು ನಮ್ಮ ಹತ್ತಿರ ಒಂದು ಸನ್ನೆಯೂ ಇರಲಿಲ್ಲ.

ಹಿಂದಿನಿಂದ ಬಂದ ಅಮ್ಮ ನನ್ನ ಬಾಯಿಗೆ ಅಂಗೈ ಒತ್ತಿದಳು. "ಸುಮ್ಕಿರು. ನೀನು ಬಡ್ಕಂಡಷ್ಟೂ ಅವ್ನು ಹಚ್ತಾನೆ." ಆಮೇಲೆ ಎರಡು ಕೈಯನ್ನೂ ಬಾಯಿಯ ಸುತ್ತ ಬೊಗಸೆ ಮಾಡಿ, ದಿನಾ ಉಣ್ಣಲು ಕರೆಯುವ ರಾಗದಲ್ಲಿ, ಒಂದಿಷ್ಟೂ ನಡುಗದೆ, ಒಂದೊಂದೇ ಮಾತನ್ನು ಎಳೆದು ಕೂಗಿದಳು.

"ಏನ್ಲಾಽಽಽ! ಕೆಂದಸ ಕರ ಹಾಕ್ತಾ ಐತೆ ಕಣ್ಲಾಽಽಽ! ಕಾಲು ಸಿಕ್ಕಂಡೈತೆ, ಬಾರ್ಲಾಽಽಽ!"

ಕೆಂದ ಹಸು ನಿಜಕ್ಕೂ ತುಂಬಿದ ಗಬ್ಬ. ಚಿಕ್ಕಪ್ಪನಿಗೆ ಅದರ ಮೇಲೆ ಪ್ರಾಣ. ಪಟಾಕಿ ಚೀಲದೊಳಕ್ಕೆ ಹೋಯಿತು. ಅವನು ಸರಸರ ಇಳಿದ. ನನಗೆ ಅಳು ಬಂದಂತಾಯಿತು, ನಗುವೂ ಬಂದಂತಾಯಿತು. ಆದರೆ ಕೆಂಪು ಚುಕ್ಕಿಯೂ ಅವನ ಜೊತೆಯೇ ಇಳಿಯಿತು. ಹಗ್ಗವನ್ನು ಬಿಟ್ಟುಬರುವ ಅಭ್ಯಾಸ ಅವನಿಗಿಲ್ಲ. ಮನೆಗೆ ಬೇಗ ಬರುವ ದಾರಿ ಮೂಡಲ ಬದು. ಗುಂಡಿ ಇರುವುದು ಆ ಬದುವಿನ ಪಕ್ಕದಲ್ಲೇ. ಅವನು ಅದೇ ದಾರಿ ಹಿಡಿದು, ಕೈಯಲ್ಲಿ ಕೆಂಡ ಬೀಸಿಕೊಂಡು, ಓಡಿ ಬರತೊಡಗಿದ.

ಅಮ್ಮನ ಮುಖದಲ್ಲಿ ಆಗ ಕಂಡದ್ದನ್ನು ಬರೆಯಲು ಆಗುವುದಿಲ್ಲ.

ನಾನು ಪಕ್ಕದವರ ಕೋಸಿನ ಮಡಿಯ ಮೇಲೆ ಅಡ್ಡ ಓಡಿದೆ. ನೀರು ಬಿಟ್ಟಿದ್ದರು, ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು. ಅವನು ಬದು ಹತ್ತುವ ತಿರುವಿನಲ್ಲಿ ಎದುರಾಗಿ, ಏನೂ ಹೇಳದೆ, ಎರಡು ಕೈಯಿಂದ ಎದೆಗೆ ನೂಕಿದೆ. ಇಬ್ಬರೂ ಕೆಸರಿಗೆ ಬಿದ್ದೆವು. ಹಗ್ಗವನ್ನು ಅವನ ಕೈಯಿಂದ ಕಿತ್ತು ಕೆಸರಿನೊಳಗೆ ಅದುಮಿದೆ. ಚೊಂಯ್ ಎಂದಿತು. ಅದರ ಮೇಲೆ ಇನ್ನೂ ಕೆಸರು ಹಾಕಿದೆ. ಆಮೇಲೂ ಹಾಕುತ್ತಲೇ ಇದ್ದೆನಂತೆ.

"ಹುಚ್ಚು ಹಿಡೀತೇನೇ ನಿಂಗೆ?" ಎಂದ. ಆಮೇಲೆ, "ಕರ ಎಲ್ಲಿ? ಸತ್ತೋಯ್ತಾ?"

"ಗ್ಯಾಸು ಚಿಕ್ಕಪ್ಪಾ."

ಅವನು ಮೂಗೆಳೆದು ನೋಡಿದ. ವರ್ಷಗಟ್ಟಲೆ ನಶ್ಯ ಏರಿಸಿದ ಮೂಗು, ಏನೂ ಗೊತ್ತಾಗಲಿಲ್ಲ. ಬದುವಿನಾಚೆ ಮಣ್ಣು ಕಾರಂಜಿಯ ಹಾಗೆ ಏಳುತ್ತಿದ್ದುದು ಆಮೇಲೆ ಕಣ್ಣಿಗೆ ಬಿತ್ತು. "ಅದು ಟಾಕ್ಟ್ರು ಟೈರು ಅನ್ಕಂಡೆ" ಎಂದ.

ಅಪ್ಪ ಕಾಡಿನಂಚಿನ ಬೇರೆ ಹೊಲಗಳ ಅಟ್ಟಣೆಗಳಿಗೆ ಸುತ್ತಿನ ದಾರಿಯಲ್ಲಿ ಹೋಗಿ ಒಬ್ಬೊಬ್ಬರಿಗೂ ಹೇಳಿಬರಲು ಹೊರಟಿದ್ದ. ಅಷ್ಟರಲ್ಲಿ ದೂರದ, ಕೆರೆಯಾಚೆಯ ಅಟ್ಟಣೆಯಲ್ಲಿ ಪಟಾಕಿ ಸಿಡಿಯಿತು. ಈ ಸಲ ನಿಜವಾದ ಆನೆ. ಒಂದು ಕಡೆ ಸಿಡಿದರೆ ಮುಂದಿನ ಅಟ್ಟಣೆಯವರು ಉತ್ತರ ಕೊಡಬೇಕು. ಇಲ್ಲದಿದ್ದರೆ ಹಿಂಡು ಸದ್ದಿಲ್ಲದ ಕಡೆಗೆ ತಿರುಗುತ್ತದೆ. ಇದು ನಮ್ಮಲ್ಲಿ ಯಾರೂ ಮುರಿಯದ ಕಟ್ಟಳೆ. ಚಿಕ್ಕಪ್ಪನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ನಾನು ಆ ಕೈ ಹಿಡಿದುಕೊಂಡೆ. ಉತ್ತರ ಕೊಡದೆ ಕೂತೆವು.

ಗ್ಯಾಸ್ ಕಂಪನಿಯ ಜೀಪು ಬಂದಾಗ ಕತ್ತಲು ಕವಿಯುತ್ತಿತ್ತು. ದೂರದಲ್ಲೇ ದೀಪ ಆರಿಸಿ ನಿಲ್ಲಿಸಿದರು. ಎಲ್ಲೋ ರಸ್ತೆ ಬದಿಯ ಕಬ್ಬಿಣದ ಮುಚ್ಚಳ ತೆಗೆದು ವಾಲ್ವು ತಿರುಗಿಸಿದರಂತೆ. ಸುಯ್ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ನಿಂತ ಮೇಲೆ ಕಿವಿಗೆ ಬೇರೊಂದು ಸದ್ದು ಬಿತ್ತು. ಬುಡಸಮೇತ ಪೈರು ಕೀಳುವುದು, ಕಾಲಿಗೆ ಬಡಿದು ಮಣ್ಣು ಕೊಡವುವುದು, ಅಗಿಯುವುದು.

ಅದೇನು ಸದ್ದು ಎಂದು ಅಧಿಕಾರಿಯೊಬ್ಬರು ಪಿಸುದನಿಯಲ್ಲಿ ತಮಿಳಿನಲ್ಲಿ ಕೇಳಿದರು, "ಎನ್ನ ಸತ್ತಂ ಅದು?"

"ನಮ್ಮ ರಾಗಿ ಸಾರ್" ಎಂದ ಚಿಕ್ಕಪ್ಪ.

ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಹೇಳಿದರು. ಯಾರಿಗೂ ಗಾಯವಿಲ್ಲ, ಒಂದು ಕಿಡಿಯಿಲ್ಲ. ಪೇಪರಿನಲ್ಲೂ ಬರಲಿಲ್ಲ. ಮಾರನೆಯ ದಿನ ಫ್ಯಾಕ್ಟರಿಯಲ್ಲಿ ಪೇಂಟ್ ಓವನ್ ತಣ್ಣಗಿತ್ತು. ಬಣ್ಣ ಕಾಣದ ಸ್ಕೂಟರಿನ ಮೈಗಳು ಸಾಲಾಗಿ ನೇತಾಡುತ್ತಿದ್ದವು. "ಏನಮ್ಮಾ, ನಿಮ್ಮೂರವರು ಒಂದು ಗುಂಡಿ ತೋಡಿ ನಮ್ಮ ಲೈನೇ ನಿಲ್ಲಿಸಿಬಿಟ್ರಲ್ಲ" ಎಂದು ಸೂಪರ್‌ವೈಸರ್ ನಕ್ಕರು. ನಾನೂ ನಕ್ಕೆ. ಊಟದ ಕೋಣೆಯಲ್ಲಿ ನೆಟ್ ಝೀರೋ, ಅಂದರೆ ಇಂಗಾಲದ ಹೊಗೆ ಸೊನ್ನೆ, ಎಂಬ ಹಸಿರು ಅಕ್ಷರದ ದೊಡ್ಡ ಚಿತ್ರವಿದೆ. ಹೊಗೆಯಿಲ್ಲದ ರಸ್ತೆ, ನಗುವ ಮಗು. ಅದರ ಕೆಳಗೆ ಕೂತು ಅನ್ನ ತಿನ್ನುವಾಗ ಪಕ್ಕದ ಲೈನಿನಲ್ಲಿ ಯಾರೋ ಗಾಳಿಯ ಪೈಪು ಬಿಚ್ಚಿದರು. ಸುಯ್ ಎಂದಿತು. ತಟ್ಟೆ ಅಲ್ಲೇ ಬಿಟ್ಟು ಹೊರಗೆ ಬಂದು ನಿಂತಿದ್ದೆ. ಹೇಗೆ ಬಂದೆ ಎಂದು ಗೊತ್ತಿಲ್ಲ.

ರಾತ್ರಿ ನಿದ್ದೆ ಬರದಾಯಿತು. ಕಣ್ಣು ಮುಚ್ಚಿದರೆ ಚಿಕ್ಕಪ್ಪ ಮರದಿಂದ ಇಳಿಯುತ್ತಿದ್ದ. ಒಂದೊಂದು ಸಲ ನಾನು ಕೋಸಿನ ಮಡಿಯಲ್ಲಿ ಹೂತುಕೊಂಡೇ ಇರುತ್ತಿದ್ದೆ. ಒಂದೊಂದು ಸಲ ಅಮ್ಮ ಕೂಗುತ್ತಲೇ ಇರಲಿಲ್ಲ. ಎದ್ದು ಕೂತರೆ ಅಮ್ಮನೂ ಎದ್ದೇ ಇರುತ್ತಿದ್ದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಅವನನ್ನು ಗುಂಡಿಯ ದಾರಿಗೆ ಕರೆದದ್ದು ತನ್ನ ಸುಳ್ಳು ಎಂದು. "ಆಕಡೇಲಿಂದ ಬಾ ಅಂತ ಒಂದ್ಮಾತು ಅಂದಿದ್ರೆ ಆಗ್ತಿತ್ತಲ್ಲ" ಎನ್ನುತ್ತಿದ್ದಳು. ಚಿಕ್ಕಪ್ಪ ಅಟ್ಟಣೆ ಹತ್ತುವುದನ್ನೇ ಬಿಟ್ಟ. ಅಂಗಳದಲ್ಲಿ ಕಂಬಳಿ ಹೊದ್ದು ಕೂತು ಕಾಡಿನ ಕಡೆ ನೋಡುತ್ತಿದ್ದ. ಅವನು ಮತ್ತೆ ಹತ್ತಲಿ ಎಂದು ಬಾಯಲ್ಲಿ ಹೇಳುತ್ತಿದ್ದೆ. ಹತ್ತದಿರಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಆದರೆ ಅವನು ಹತ್ತದಿದ್ದರೆ ಬೇರೆಯವರ ಹೊಲಗಳೂ ಉಳಿಯುವುದಿಲ್ಲ. ನಡುವಿನ ಅಟ್ಟಣೆ ಅವನದೇ.

ಕಂಪನಿಯ ಅಧಿಕಾರಿ ಊರಿಗೆ ಬಂದು ಅರಳಿಕಟ್ಟೆಯ ಹತ್ತಿರ ಸಭೆ ಮಾಡಿದರು. ಒಳ್ಳೆಯ ಮನುಷ್ಯ, ಗದರಲಿಲ್ಲ. ಹೊಸ ಕಂಬ ನೆಡಿಸುತ್ತೇವೆ, ಯಾರೂ ಬಟ್ಟೆ ಒಗೆಯಲಾಗದಷ್ಟು ಎತ್ತರದ್ದು ಎಂದಾಗ ಅಮ್ಮ ಸೆರಗು ಮುಖಕ್ಕೆ ಅಡ್ಡ ಹಿಡಿದಳು, ಉಳಿದವರು ನಕ್ಕರು. ಅಟ್ಟಣೆಯಷ್ಟು ದೂರಕ್ಕೆ ಗ್ಯಾಸು ತೆಳುವಾಗಿಬಿಡುತ್ತದೆ, ಅಲ್ಲಿ ಪಟಾಕಿ ಹಚ್ಚಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ ಎಂದರು. "ಗುಂಡಿಯ ಹತ್ತಿರ ಬಂದಿದ್ದರೆ?" ಎಂದು ನಾನು ಕೇಳಿದೆ. ಅವರು ಅಮ್ಮನನ್ನು ನೋಡಿದರು.

ಆಮೇಲೆ ಗ್ಯಾಸು ಏಕೆ ಬೇಕು ಎಂದು ವಿವರಿಸಿದರು. ಎಣ್ಣೆ, ಕಲ್ಲಿದ್ದಲು ಒಂದೇ ಸಲಕ್ಕೆ ಬಿಡಲು ಆಗುವುದಿಲ್ಲ. ಸೂರ್ಯ, ಗಾಳಿಯ ಕರೆಂಟು ಸಾಕಷ್ಟು ಬರುವವರೆಗೆ ಗ್ಯಾಸು ಒಂದು ಸೇತುವೆ ಇದ್ದ ಹಾಗೆ.

ಚಿಕ್ಕಪ್ಪ ಕೂತಲ್ಲಿಂದಲೇ ಹೇಳಿದ, "ಸೇತ್ವೆ ಅಂದ್ರೆ ನೀವು ದಾಟ್ಕಂಡು ಹೋಗ್ಬುಡ್ತೀರಾ. ದಾಟಿದ್ಮ್ಯಾಲೆ ಸೇತ್ವೆ ನೋಡ್ಕಣಾರು ಯಾರು ಸಾರ್? ಅದಿರಾದು ನಮ್ಮ ಹೊಲ್ದಾಗೆ."

ಮುಂದೆ ಅದೇ ಪೈಪಿನಲ್ಲಿ ಸಗಣಿ ಗ್ಯಾಸೋ ಹೈಡ್ರೋಜನ್ನೋ ಹರಿಯಬಹುದು ಎಂದರು ಅಧಿಕಾರಿ. ಆಮೇಲೆ, "ನಿಜ ಹೇಳ್ಬೇಕಂದ್ರೆ ನಂಗೂ ಗೊತ್ತಿಲ್ಲ. ನನ್ನ ಕೆಲಸಾನೇ ಎಷ್ಟು ವರ್ಷ ಇರುತ್ತೋ ಗೊತ್ತಿಲ್ಲ" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲೇ ಗ್ಯಾಸ್ ಓವನ್ ತೆಗೆದು ಕರೆಂಟಿನದು ಹಾಕುವ ಮಾತು ನಡೆದಿದೆ. ಒಳ್ಳೆಯದೇ. ಆಮೇಲೆ ಇನ್ನೊಂದು ಫ್ಯಾಕ್ಟರಿ, ಮತ್ತೊಂದು. ಗಿರಾಕಿ ಕಡಿಮೆಯಾದಂತೆ ಪೈಪಿನ ದಾರಿ ನಡೆದು ನೋಡುವವರೂ ಕಡಿಮೆಯಾಗುತ್ತಾರೆ. ಒಂದು ಉದ್ದಿಮೆ ಬೆಳೆಯುವಾಗ ಕಾವಲಿಗೆ ಜನ ಇರುತ್ತಾರೆ. ಅದು ಕರಗುವಾಗ, ಕೊನೆಯ ಗ್ಯಾಸು ಇನ್ನೂ ಪೈಪಿನೊಳಗೆ ಇರುವಾಗ, ಯಾರಿರುತ್ತಾರೆ? ಹಗಲು ನಾನು ಎಣ್ಣೆಯಿಲ್ಲದ ಗಾಡಿಯ ಮೈ ತಡವಿ ಗುಣಮಟ್ಟ ನೋಡುತ್ತೇನೆ. ಅದರ ಹೊಳಪು ಬೆಂದದ್ದು ನಮ್ಮ ಹೊಲದ ಕೆಳಗಿನ ಗ್ಯಾಸಿನಲ್ಲಿ. ಯಾರ ಮೇಲೆ ಸಿಟ್ಟು ಮಾಡಲಿ? ಸಿಟ್ಟು ಮಾಡಲು ಒಬ್ಬರು ಸಿಕ್ಕಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ.

ಕೊನೆಗೆ ಚಿಕ್ಕಪ್ಪನೇ ಒಂದು ಭಾನುವಾರ ಎಲ್ಲ ಅಟ್ಟಣೆಯವರನ್ನೂ ನಮ್ಮ ಜಗಲಿಗೆ ಕರೆಸಿದ. "ಆನೆ ಬಂತು ಅನ್ನಾಕೆ ನಮ್ಮ ತಾವ ನೂರು ಸದ್ದೈತೆ. ಬೆಂಕಿ ಹಚ್ಬ್ಯಾಡಿ ಅನ್ನಾಕೆ ಒಂದೂ ಇಲ್ಲ. ಅದು ಆಗೋವರ್ಗೂ ನಾನು ಹತ್ತಾಕಿಲ್ಲ" ಎಂದ.

ಸೀಟಿ ಆಗುವುದಿಲ್ಲ, ಫಾರೆಸ್ಟಿನವರು ಊದುತ್ತಾರೆ. ಶಂಖ ಎಂದರೊಬ್ಬರು. "ಯಾರು ಸತ್ರು ಅಂತ ಊರೇ ಎದ್ದು ಬತ್ತೈತೆ" ಎಂದಳು ಅಮ್ಮ. ಫೋನಿಗೆ ಕಾಡಿನಂಚಿನಲ್ಲಿ ಸಿಗ್ನಲ್ ಇಲ್ಲ. ಕೊನೆಗೆ ಪಕ್ಕದ ಹೊಲದವನು, ಮಕ್ಕಳು ಊದುವ ಪ್ಲಾಸ್ಟಿಕ್ ಪೀಪಿ ಆಗಬಹುದಲ್ಲ ಎಂದ.

"ಥೂ, ಆನೆ ನಗ್ತೈತೆ ಕಣ್ಲಾ" ಎಂದ ಚಿಕ್ಕಪ್ಪ.

"ನಗ್ಲಿ ಬುಡು. ನಿಂಗೆ ಕೇಳ್ತೈತೋ ಇಲ್ವೋ ಅಷ್ಟೇಳು."

ಹೊಸೂರಿನ ಸಂತೆಯಿಂದ ನಾನೇ ತಂದೆ, ಉದ್ದನೆಯವು, ಕರ್ಕಶ ದನಿಯವು. ಪ್ರತಿ ಅಟ್ಟಣೆಯಲ್ಲೂ ನೀರು ತುಂಬಿದ ಗಡಿಗೆ ಇಡಬೇಕು, ಪೀಪಿ ಕೇಳಿದ ಕೂಡಲೇ ಹಗ್ಗ ನೀರಿಗೆ ಅದ್ದಬೇಕು, ಪಕ್ಕದವರಿಗೆ ಕೇಳುವಂತೆ ತಾನೂ ಊದಬೇಕು. ಹೀಗೆಂದು ಮಾತಾಯಿತು. ಎರಡು ದಿನದ ಮೇಲೆ ಸಂಜೆ, ಮಬ್ಬು ಬೆಳಕಿನಲ್ಲಿ, ಪರೀಕ್ಷೆ ಮಾಡಿದೆವು. ಊದುವ ಕೆಲಸ ನನ್ನದು. ಚಿಕ್ಕಪ್ಪ ಅಷ್ಟು ದಿನದ ಮೇಲೆ ಮರ ಹತ್ತಿದ. ಕಾಡಿನಂಚಿನ ಉದ್ದಕ್ಕೂ ಕೆಂಪು ಚುಕ್ಕಿಗಳು ಒಂದೊಂದಾಗಿ ಕಾಣಿಸಿಕೊಂಡವು. ಹೊಸ ಹಳದಿ ಕಂಬದ ಪಕ್ಕ ನಿಂತು, ಪೀಪಿ ತುಟಿಗಿಟ್ಟು, ಊದಲಾಗದೆ ನಿಂತಿದ್ದೆ. ಅಮ್ಮ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಊದಿದೆ. ಎಮ್ಮೆ ಅರಚಿದ ಹಾಗಿತ್ತು. ಹುಣಸೆ ಮರದ ಚುಕ್ಕಿ ಆರಿತು. ಅಲ್ಲಿಂದ ಪೀಪಿ ಕೇಳಿಸಿತು, ಅದರಾಚೆಯದೂ ಆರಿತು. ಆಮೇಲೆ ಅದರಾಚೆಯದು. ಕೆರೆಯಾಚೆಯವನು ಸ್ವಲ್ಪ ತಡ ಮಾಡಿದ. ಅವನದೂ ಆರಿತು. ಕಾಡಿನಂಚು ಪೂರ್ತಿ ಕಪ್ಪಾಯಿತು.

ಚಿಕ್ಕಪ್ಪ ಮರದ ಮೇಲಿಂದ ಕೂಗಿದ, "ಸಾಕಾ, ಇಂಜಿನೇರಮ್ಮಾ?" ಅವನಿಗೆ ಕಾಲೇಜು ಓದಿದವರೆಲ್ಲ ಇಂಜಿನಿಯರುಗಳೇ. ಅವನು ಇಳಿಯಲಿಲ್ಲ. ಕಂಬಳಿ ಅಲ್ಲಿಗೇ ಕಳಿಸಿ ಎಂದ.

ಮನೆಗೆ ಬಂದು ಮುದ್ದೆ ಉಂಡು ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಫ್ಯಾಕ್ಟರಿ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರಬೇಕು. ಎಬ್ಬಿಸಲಿಲ್ಲವಲ್ಲ ಎಂದು ತಿರುಗಿದರೆ, ಪಕ್ಕದಲ್ಲಿ ಅಮ್ಮ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಹೊರಗೆ ಚಿಕ್ಕಪ್ಪ ಜಗಲಿಯ ಮೇಲೆ ಕಾಲಿನ ಮಣ್ಣು ಕೊಡವುವುದು ಕೇಳಿಸಿತು.

"ಏನ್ರೇ ತಾಯಿಮಗಳು, ಒಂದು ಲೋಟ ಕಾಪಿ ಕಾಸಾರೂ ದಿಕ್ಕಿಲ್ವಾ ಈ ಮನ್ಯಾಗೆ?"